ಗಾಡಿಮನೆಯ ಹೊಟ್ಟೆ ನೋಡುವ ಒರೆಸ್ಟ್

ಬೆಳಗಿನ ಒಂಬತ್ತಾದರೂ ಕೆನಡಾದ ಗ್ರ್ಯಾಂಡ್ ಪ್ರೇರಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮೈನಸ್ ಮೂವತ್ತೊಂದು ಡಿಗ್ರಿ ಚಳಿ. ಮಾರಾಟದ ಅಂಗಳದಲ್ಲಿ ಹಿಮದ ಮೇಲೆ ರಟ್ಟು ಹಾಸಿಕೊಂಡು ಅರವತ್ತಮೂರರ ಒರೆಸ್ಟ್ ನಾಟಿಯುಕ್ ಗಾಡಿಗೆ ಕಟ್ಟಿ ಎಳೆದೊಯ್ಯುವ ಒಂದು ಟ್ರೈಲರ್ ಮನೆಯ ಅಡಿಯಲ್ಲಿ ಅಂಗಾತ ಮಲಗಿದ್ದಾರೆ. ಕಾಣುವುದು ಬೂಟು ಮಾತ್ರ. ಪಕ್ಕದಲ್ಲಿ, ಕೊಳ್ಳುವ ಮುನ್ನ ನೋಡಿಸಲು ಅವರನ್ನು ಕರೆತಂದ ನೇಡೀನ್ ಕಾರ್ಡಿನಲ್ ಕಾಲು ಬದಲಿಸುತ್ತ ನಿಂತಿದ್ದಾರೆ. ತೈಲಬಾವಿಯ ಶಿಬಿರದಲ್ಲಿ ಅವರಿಗೆ ಅಡುಗೆ ಕೆಲಸ ಸಿಕ್ಕಿದೆ. ಸೋಮವಾರದೊಳಗೆ ಸ್ವಂತ ಸೂರು ಎಳೆದುಕೊಂಡು ಹೋಗದಿದ್ದರೆ ಆ ಕೆಲಸ ಇನ್ನೊಬ್ಬರ ಪಾಲು.

“ಚಳಿಗಾಲ ಸೇರಿ ನಾಲ್ಕೂ ಕಾಲಕ್ಕೆ ಆಗುತ್ತೆ ಅಂತ ಬಾಗಿಲ ಮೇಲೇ ಅಂಟಿಸಿದಾರಲ್ಲ ಒರೆಸ್ಟ್?”

“ಅಂಟಿಸೋಕೇನು ತಾಯಿ, ಗೋಂದು ಇದ್ರೆ ಸಾಕು. ಕೆಳಗೆ ತಗಡು ಮುಚ್ಚಿದಾರೆ ಅಷ್ಟೇ, ನೀರಿನ ಟ್ಯಾಂಕಿನ ಹತ್ರ ಬಿಸಿಗಾಳಿ ಕೊಳವೇನೇ ಇಲ್ಲ.”

ಟಾರ್ಚಿನ ಬೆಳಕು ತಗಡಿನ ಮೇಲೆ ನಿಲ್ಲುತ್ತದೆ. ಅಲ್ಲಿದ್ದ ತಮ್ಮದೇ ಹಳೆಯ ಕೈಬರಹವನ್ನು ಒರೆಸ್ಟ್ ಗಟ್ಟಿಯಾಗಿ ಓದುತ್ತಾರೆ: ‘ಜನವರಿ 9. ಮೈನಸ್ 34. ಒಡೆದಿದೆ.’ ರಿಪೇರಿ ಮಾಡಿದ ಗಾಡಿಯ ಹೊಟ್ಟೆಗೆ ತಾರೀಖು ಬರೆಯುವುದು ಅವರ ರೂಢಿ.

“ಪೈಪು ಹೊಸದು ಹಾಕಿದೀವಿ ಕಣಜ್ಜ,” ಮಾರಾಟಗಾರ ಕರ್ಟಿಸ್ ನಗುತ್ತಾನೆ. “ನಿನ್ನ ಮಾತು ಕೇಳಿದ್ರೆ ಜನ ಏನೂ ಕೊಳ್ಳದೆ ಬಯಲಲ್ಲಿ ಮಲಗ್ತಾರೆ.”

ಇನ್ನೊಂದು ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಒರೆಸ್ಟರನ್ನು, ಗಿರಾಕಿಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದ್ದಕ್ಕೇ ಹೊರಗೆ ಕಳಿಸಿದ್ದು. ಈಗ ಹೆಪ್ಪುಗಟ್ಟಿದ ಪೈಪು ಕರಗಿಸಿ ಬದುಕುತ್ತಾರೆ. ಎಡಗೈಯ ಎರಡು ಬೆರಳ ತುದಿಯನ್ನು ಚಳಿ ತಿಂದಿದೆ. ಕಳೆದ ಚಳಿಗಾಲದಲ್ಲಿ ಪೈಪು ಒಡೆದ ಮೇಲೆ ಕರೆದವರು ನೂರ ಎಂಬತ್ತು ಮಂದಿ. ಕೊಳ್ಳುವ ಮೊದಲು ಕರೆದವರು ನಾಲ್ವರು.

ಒರೆಸ್ಟ್ ಎದ್ದು ಬಂದು, ನೇಡೀನರ ಪಿಕಪ್ಪಿನ ಬಾಗಿಲು ತೆರೆದು ಅಂಚಿಗೆ ಅಂಟಿಸಿದ ಭಾರದ ಚೀಟಿ ಓದುತ್ತಾರೆ. “ಎಳೆಯೋ ಶಕ್ತಿ ಬೇರೆ, ಹೊರೋ ಶಕ್ತಿ ಬೇರೆ. ಇದು ಹೊರೋದು ಸಾವಿರದ ಮುನ್ನೂರು ಪೌಂಡು. ಟ್ರೈಲರಿನ ಮೂತಿನೇ ಒಂಬೈನೂರು ಒತ್ತುತ್ತೆ. ಮೇಲೆ ನೀವು, ನಾಯಿ, ಜನರೇಟರು, ನಿಮ್ಮ ಕಬ್ಬಿಣದ ಬಾಣಲೆಗಳು. ಇಳಿಜಾರಲ್ಲಿ ಅದು ನಿಮ್ಮನ್ನ ತಳ್ಕೊಂಡು ಹೋಗುತ್ತೆ.”

“ಮತ್ತೆ ಯಾವುದು ತಗೊಳ್ಲಿ?”

ಅಂಗಳದ ಕೊನೆಯ ದಪ್ಪ ಗೋಡೆಯ ಟ್ರೈಲರು, ಪಕ್ಕದ ಭಾರಿ ಪಿಕಪ್ಪು, ಎರಡನ್ನೂ ಒರೆಸ್ಟ್ ತೋರಿಸುತ್ತಾರೆ. ನೇಡೀನ್ ಬೆಲೆ ಓದಿ ವಾಪಸ್ಸು ಬರುತ್ತಾರೆ.

“ಬೈಬೇಡಿ. ಸೋಮವಾರ ನಾಡಿದ್ದೇ.”

ಒರೆಸ್ಟ್ ಬೈಯುವುದಿಲ್ಲ. ನೇಡೀನ್ ಮೊದಲಿನ ಟ್ರೈಲರಿಗೇ ಸಹಿ ಹಾಕುವಷ್ಟರಲ್ಲಿ ಮತ್ತೆ ಅದರ ಅಡಿಗೆ ನುಸುಳಿ, ಟ್ಯಾಂಕಿಗೆ ಕರೆಂಟಿನ ಬಿಸಿಹಾಳೆ ಅಂಟಿಸುತ್ತಾರೆ. “ಟ್ಯಾಂಕು ಖಾಲಿ ಇರ್ಲಿ. ಜನರೇಟರು ಬೇರೆಯವರ ಗಾಡೀಲಿ ಕಳಿಸಿ. ನದಿ ಇಳಿಜಾರಲ್ಲಿ ವೇಗ ನಲವತ್ತು ದಾಟಿಸಬೇಡಿ.”

ಹಿಂಬದಿ ಕುಸಿದ ಪಿಕಪ್ಪು ರಸ್ತೆಗಿಳಿಯುತ್ತದೆ. ಈ ಗಾಡಿಮನೆ ಎಷ್ಟು ದಿನ ತಡೆದೀತು ಎಂದು ಕೇಳಿದರೆ ಒರೆಸ್ಟ್ ಗಡ್ಡದ ಹಿಮ ಒರೆಸಿಕೊಳ್ಳುತ್ತಾರೆ.

“ಗೊತ್ತು, ಹೇಳಲ್ಲ. ಒಂದೇ ಒಂದ್ಸಲ ನನ್ನ ಮಾತು ಸುಳ್ಳಾಗ್ಬೇಕು. ಈ ಹೆಂಗಸಿನ ಪಾಲಿಗಾದ್ರೂ.”