ಎಡಭುಜದ ಹೂವು

ಕಸ್ತೂರಿ, ನರಗುಂದದ ಆ ಲ್ಯಾಪ್‌ಟಾಪ್ ಬೇಡ ಎಂದದ್ದು ತಾಯಿ ಬನಶಂಕರಿಯಲ್ಲ. ನಾನು.

ದೇವಿಯ ಎರಡು ಭುಜಕ್ಕೆ ಹಚ್ಚಿದ ಹೂವಿನಲ್ಲಿ ಎಡಗಡೆಯದು ಮೊದಲು ಬಿತ್ತಲ್ಲ — ಅದನ್ನು ಅಪ್ಪಣೆ ಎಂದು ನೀನು ನಂಬಿದೆ, ನಿಮ್ಮಪ್ಪ ನಂಬಿದರು, ನರಗುಂದದ ನಿಮ್ಮತ್ತೆಯೂ ನಂಬಿದರು. ಬಲಭುಜದ ಎಸಳನ್ನು ನಾನು ನೀರಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಒತ್ತಿ ಹಚ್ಚಿದ್ದೆ. ಎಡಭುಜದ್ದನ್ನು ಸೆರಗಿಗೆ ಒರೆಸಿ ಸುಮ್ಮನೆ ಆನಿಸಿ ಇಟ್ಟಿದ್ದೆ. ಒಣ ಎಸಳು ಹಿತ್ತಾಳೆಯ ಮೇಲೆ ನಿಲ್ಲುವುದಿಲ್ಲ. ಅದು ನನಗೆ ಗೊತ್ತಿತ್ತು — ಗೊತ್ತಿದ್ದೇ ಮಾಡಿದೆ.

ಇಷ್ಟು ಬರೆದು ಎದ್ದುಹೋಗಿ ಒಲೆಯ ಮೇಲಿನ ಬೇಳೆ ನೋಡಿ ಬಂದೆ. ಬೆಂದಿರಲಿಲ್ಲ. ಬೆಂದಿದ್ದರೆ ಅದನ್ನೇ ನೆಪ ಮಾಡಿಕೊಂಡು ಇದನ್ನು ಇಲ್ಲಿಗೇ ಬಿಡುತ್ತಿದ್ದೆನೋ ಏನೋ. ಎಷ್ಟೋ ವರ್ಷ ಹಾಗೇ ಬಿಟ್ಟಿದ್ದೇನೆ. ದಣಿವಾಗಿದೆ ಮಗಳೇ. ಮೈಯ ದಣಿವಲ್ಲ, ಮೊಣಕಾಲು ಹಿಡಿದರೂ ದೇವರ ಜಗಲಿಯ ಮುಂದೆ ಕೂತು ಏಳುವಷ್ಟು ಕಸುವು ಉಳಿದಿದೆ, ಅದು ತಾಯಿಯ ದಯೆ. ನಿಮ್ಮಪ್ಪ ಎರಡು ರೊಟ್ಟಿ ಕೇಳಿ ಉಣ್ಣುತ್ತಾರೆ, ಅದೂ ದಯೆಯೇ. ಆದರೆ ದಿನಾ ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ಮೂರ್ತಿ ತಿಕ್ಕುವಾಗ, ಎಡಭುಜದ ಹತ್ತಿರ ಬಂದ ಕೂಡಲೇ ಕೈ ಸೋಲುತ್ತದೆ.

ಹೂ ಕೇಳುವ ಕೆಲಸ ನನಗೆ ನಿನ್ನ ಅಜ್ಜಿಯಿಂದ, ನಿಮ್ಮಪ್ಪನ ಅವ್ವನಿಂದ ಬಂದದ್ದು. ಹಾಸಿಗೆ ಹಿಡಿದಾಗ ಮೂರ್ತಿಯನ್ನು ನನ್ನ ಉಡಿಯಲ್ಲಿ ಇಟ್ಟು, "ಕೇಳಾಕ ಬಂದವರ ಮಾರಿ ನೋಡಬ್ಯಾಡ, ತಾಯಿ ಮಾರಿ ಅಷ್ಟ ನೋಡು" ಎಂದಿದ್ದರು. ಗಜೇಂದ್ರಗಡದ ನಮ್ಮ ನೇಕಾರ ಓಣಿಯಲ್ಲಿ ಹೆಣ್ಣು ಕೊಡುವವರು, ಬೋರು ಹೊಡೆಸುವವರು, ಎಮ್ಮೆ ಕೊಳ್ಳುವವರು ಕೂಡ ನಮ್ಮ ಮನೆಗೆ ಬಂದು ಹೋಗುತ್ತಿದ್ದರು. ಬಲಭುಜದ್ದು ಮೊದಲು ಬಿದ್ದರೆ ಹೂಂ, ಎಡಭುಜದ್ದು ಬಿದ್ದರೆ ಬೇಡ. ಎರಡಕ್ಕೂ ಒಂದೇ ನೀರು, ಒಂದೇ ಒತ್ತು — ನೇಮವೆಂದರೆ ಅಷ್ಟೇ. ಲೀಲಕ್ಕನ ಕೈ ಸುಳ್ಳು ಹೇಳುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ನಿನ್ನ ವಿಷಯದಲ್ಲಿ ಹೇಳಿತು.

ನಿನಗೆ ಸಿವಿಲ್ ಇಂಜಿನಿಯರಿಂಗ್ ಸೀಟು ಸಿಕ್ಕ ಬೇಸಿಗೆ. ಮನೆಯ ನಕ್ಷೆ ಬರೆಯುವುದೆಲ್ಲ ಈಗ ಕಂಪ್ಯೂಟರಿನಲ್ಲೇ, ಹಾಸ್ಟೆಲ್ಲಿಗೆ ಹೋಗುವಾಗ ಒಂದು ಲ್ಯಾಪ್‌ಟಾಪ್ ಬೇಕು ಎಂದು ನೀನು ಹೇಳಿದಾಗ ನಿಮ್ಮಪ್ಪ ಮಗ್ಗದ ಕುಣಿಯಲ್ಲಿ ಕೂತೇ ಕೇಳಿಸಿಕೊಂಡರು, ಲಾಳಿ ನಿಲ್ಲಿಸಲಿಲ್ಲ. ಊಟಕ್ಕೆ ಕೂತಾಗ ತಮ್ಮಿಂದ ಎಷ್ಟಾಗುತ್ತದೆ ಎಂದು ಹೇಳಿದರು. ಅಷ್ಟು ರೊಕ್ಕಕ್ಕೆ ಗದಗಿನ ಅಂಗಡಿಯಲ್ಲಿ ಸಿಗುತ್ತಿದ್ದುದು ಒಂದೇ ತರಹದ್ದು — ಹೊಸದು, ಸಣ್ಣದು, ನನ್ನ ಲಟ್ಟಿಸುವ ಮಣೆಯಷ್ಟು ಅಗಲ. ಬ್ಯಾಗು ಪುಕ್ಕಟೆ, ವರ್ಷದ ಗ್ಯಾರಂಟಿ. ಅದಕ್ಕೆ ಸಿ.ಡಿ. ಹಾಕುವ ಜಾಗವೇ ಇರಲಿಲ್ಲ. ಅದನ್ನು ನೀನೇ ತಿರುಗಿಸಿ ತೋರಿಸಿದೆ. ನಕ್ಷೆಯ ಕೆಲಸವನ್ನು ಇದು ಎಳೆಯಲಾರದು ಎಂದೂ ಹೇಳಿದೆ. ನನಗೆ ತಿಳಿಯಲಿಲ್ಲ ಎಂದು ನಾನು ಎಂದೂ ಹೇಳುವ ಹಾಗಿಲ್ಲ.

ಆಮೇಲೆ ನರಗುಂದಕ್ಕೆ ಹೋದೆವು, ನಿಮ್ಮತ್ತೆಯ ಮನೆಗೆ. ನನಗೆ ನಾದಿನಿಯಾದರೂ ನಿಮ್ಮಪ್ಪನಿಗಿಂತ ದೊಡ್ಡವರು, ಹಾಗಾಗಿ ನಾನು ಅಕ್ಕಾರ ಎನ್ನುತ್ತಿದ್ದೆ. ಅವರ ಮಗ ಮಲ್ಲು ಓದು ಮುಗಿಸಿ ರೋಣದ ಬ್ಯಾಂಕಿಗೆ ಸೇರಿದ್ದ. ಅವನ ದೊಡ್ಡ ಲ್ಯಾಪ್‌ಟಾಪ್ ಟೇಬಲ್ಲಿನ ಮೇಲೆ ಬಟ್ಟೆ ಹೊದ್ದು ಕೂತಿತ್ತು. ಎತ್ತಿದರೆ ರುಬ್ಬುಗುಂಡಿನಂಥ ಭಾರ. ಬ್ಯಾಟರಿ ಸತ್ತಿತ್ತು; ವಾಯರು ಚುಚ್ಚಿದರೆ ಮಾತ್ರ ಜೀವ. ಒಂದು ಗುಂಡಿ ಕಿತ್ತುಹೋಗಿತ್ತು. ಆದರೂ ಮಲ್ಲು ನಿನಗೆಂದೇ ಎಲ್ಲಿಂದಲೋ ನಕ್ಷೆಯ ಸಿ.ಡಿ. ತಂದು ಅದಕ್ಕೆ ಹಾಕಿಕೊಟ್ಟಿದ್ದ. ಕೊಟ್ಟ ಚಹಾ ಕೆನೆಗಟ್ಟುವವರೆಗೂ ನೀನು ಗೆರೆ ಎಳೆಯುತ್ತಲೇ ಇದ್ದೆ. ನಾನು ಹಿಂದೆ ಬಂದು ನಿಂತು ನೋಡಿದೆ — ನಮ್ಮದೇ ಮನೆ. ಪಡಸಾಲೆ, ದೇವರ ಜಗಲಿ, ಮಗ್ಗದ ಕುಣಿ ಕೂಡ. ಕುಣಿಯ ಮೇಲೆ ನೀನು ಒಂದು ಕಿಟಕಿ ಇಟ್ಟಿದ್ದೆ. ನಮ್ಮ ಮನೆಯಲ್ಲಿ ಅಲ್ಲಿ ಕಿಟಕಿ ಎಲ್ಲಿದೆ ಎಂದು ಕೇಳಿದ್ದಕ್ಕೆ, "ಅಪ್ಪಗ ಬೆಳಕು ಬೇಕಲ್ಲವ್ವ" ಎಂದೆ.

ಆಗ ಅಕ್ಕಾರು ಒಳಗಿನಿಂದ ಬಂದು ನಿನ್ನ ತಲೆ ಸವರಿದರು. ಸವರುತ್ತ ನನ್ನ ಕಡೆ ನೋಡಿ ಅಂದರು: "ಒಯ್ಯವಾ. ಕೈಲಾದಷ್ಟು ಕೊಡ್ರಿ, ಕೊಡದಿದ್ರೂ ನಡೀತೈತಿ. ನಮ್ಮ ಮನ್ಯಾಗ ಹಳೇದಾದದ್ದು ನಿಮ್ಮ ಮನ್ಯಾಗ ಹೊಸಾದ ಅಲ್ಲೇನ, ಲೀಲಾ?"

ನಕ್ಕರು. ನೀನೂ ನಕ್ಕೆ. ನನಗೆ ನಗು ಬರಲಿಲ್ಲ.

ಯಾಕೆಂದು ನಿನಗೆ ಗೊತ್ತಿಲ್ಲ. ನೀನು ಕೂಸಿದ್ದಾಗ ಅಕ್ಕಾರು ತಾವು ಉಟ್ಟು ಬಿಟ್ಟ ಸೀರೆಗಳನ್ನು ನನಗೆ ಕಳಿಸುತ್ತಿದ್ದರು. ನಿಮ್ಮಪ್ಪ ನೇಯ್ದ ಸೀರೆ ಸಾವಕಾರರ ಅಂಗಡಿಗೆ. ನನ್ನ ಮೈಮೇಲೆ ಅಕ್ಕಾರ ಹಳೆಯದು. ಯಾರದೋ ಕುಬಸದ ಕಾರ್ಯದಲ್ಲಿ, ಬಸುರಿಯ ಉಡಿ ತುಂಬಲು ಕೂತ ಹೆಂಗಸರ ನಡುವೆ ನನ್ನ ಸೆರಗು ಹಿಡಿದು, "ಇದು ನಂದ ಸೀರಿ ನೋಡ್ರಿ, ಇಕಿ ಮೈಮ್ಯಾಲೆ ಇನ್ನೂ ಎಷ್ಟು ಚಂದ ಕಾಣತೈತಿ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ — ಈಗ ಹಾಗನ್ನಿಸುತ್ತದೆ. ಮನೆಗೆ ಬಂದವಳೇ ಆ ಸೀರೆಯನ್ನು ಪಾತ್ರೆ ಮಾರುವವಳಿಗೆ ಹಾಕಿ ಒಂದು ಸ್ಟೀಲ್ ಡಬ್ಬಿ ತಗೊಂಡೆ. ಈಗಲೂ ಅದರಲ್ಲಿ ಸಾಸಿವೆ ಇದೆ. ಒಗ್ಗರಣೆ ಹಾಕುವಾಗಲೆಲ್ಲ ಆ ಮಾತು ನೆನಪಾಗುವ ಹಾಗೆ ನಾನೇ ಮಾಡಿಕೊಂಡೆ.

ನೆಪವೆಂದು ಇದನ್ನು ಹೇಳುತ್ತಿಲ್ಲ. ಇಷ್ಟು ಸಣ್ಣದಕ್ಕೆ ಅಷ್ಟು ದೊಡ್ಡದನ್ನು ಮಾಡಿದೆ ಎಂದು ನಿನಗೆ ಗೊತ್ತಾಗಲಿ ಎಂದು ಹೇಳುತ್ತಿದ್ದೇನೆ.

ತಿರುಗಿ ಬರುವಾಗ ರೋಣದ ಬಸ್‌ಸ್ಟ್ಯಾಂಡಿನಲ್ಲಿ ಗಾಡಿಗೆ ಕಾಯುತ್ತ ನಿಂತಾಗ ನಿಮ್ಮಪ್ಪ, ಅಕ್ಕಂದೇ ತರೋಣ, ಹುಡುಗಿಯ ಕೆಲಸವೂ ಆಗುತ್ತದೆ, ಇಟ್ಟ ರೊಕ್ಕದಲ್ಲಿ ಪುಸ್ತಕಕ್ಕೂ ಉಳಿಯುತ್ತದೆ ಎಂದರು. ಅದರಲ್ಲಿ ತಪ್ಪು ಹುಡುಕಲು ನನಗೆ ಏನೂ ಸಿಗಲಿಲ್ಲ. ಅಕ್ಕಾರದ್ದು ನನಗೆ ಬೇಡ ಎಂದು ಬಾಯಿ ಬಿಟ್ಟು ಅಂದಿದ್ದರೆ ನಿಮ್ಮಪ್ಪ ಬೈಯುತ್ತಿದ್ದರು, ನೀನು ಮುಖ ಸಣ್ಣ ಮಾಡುತ್ತಿದ್ದೆ, ಎರಡು ದಿನಕ್ಕೆ ಎಲ್ಲ ಸರಿಹೋಗುತ್ತಿತ್ತು. ನಾನು ದೇವಿಯನ್ನು ಮುಂದೆ ಮಾಡಿದೆ. "ಇಷ್ಟು ದೊಡ್ಡ ಕೆಲಸ, ತಾಯಿನ್ನ ಕೇಳದ ಹ್ಯಾಂಗ ಮಾಡೂದು?" ಎಂದೆ. ಅದಕ್ಕೆ ಇಬ್ಬರೂ ಎದುರಾಡಲಿಲ್ಲ. ಎದುರಾಡುವುದಿಲ್ಲ ಎಂದು ಗೊತ್ತಿದ್ದೇ ಅಂದದ್ದು.

ಶುಕ್ರವಾರ ನೀನೇ ದಾಸವಾಳ ಹರಿದು ತಂದುಕೊಟ್ಟೆ. ತಲೆ ತೊಳೆದುಕೊಂಡಿದ್ದೆ, ಹಸಿ ಕೂದಲು ನಿನ್ನ ಬೆನ್ನಿಗೆ ಅಂಟಿತ್ತು. ನರಗುಂದದ್ದು ತರೋಣವೇನವ್ವ ತಾಯಿ ಎಂದು ನಾನು ಗಟ್ಟಿಯಾಗಿ ಕೇಳಿದೆ. ನನ್ನ ದನಿ ನಡುಗಲೂ ಇಲ್ಲ — ಅದೇ ಈಗ ಹೆದರಿಸುತ್ತದೆ. ಊದುಬತ್ತಿಯ ಹೊಗೆ ಏಳುವ ಮೊದಲೇ ಎಡಭುಜದ್ದು ಜಾರಿತು.

ನೀನು ಕೈಮುಗಿದು ಆ ಎಸಳನ್ನೇ ಎತ್ತಿ ಕಣ್ಣಿಗೆ ಒತ್ತಿಕೊಂಡು ಅಂದೆ: "ತಾಯಿ ಹೇಳಿದ ಮ್ಯಾಲೆ ಮುಗೀತಲ್ಲವ್ವ. ನನಗ ಸಣ್ಣದ ಸಾಕು."

ಅತ್ತು ಕರೆದಿದ್ದರೆ, ಜಗಳ ತೆಗೆದಿದ್ದರೆ ನಾನು ಅಲ್ಲೇ ಸೋಲುತ್ತಿದ್ದೆ. ನೀನು ನಂಬಿಬಿಟ್ಟೆ.

ಮುಂದಿನದು ನೀನು ಬಲ್ಲೆ, ಆದರೂ ಅದನ್ನು ನನ್ನ ಬಾಯಿಂದ ನೀನು ಕೇಳಬೇಕು. ಆ ಮಣೆಯಷ್ಟು ಲ್ಯಾಪ್‌ಟಾಪಿನಲ್ಲಿ ನಕ್ಷೆ ತೆರೆಯುವಷ್ಟರಲ್ಲಿ ಹಾಸ್ಟೆಲ್ಲಿನ ಊಟದ ಗಂಟೆ ಹೊಡೆಯುತ್ತಿತ್ತಂತೆ; ಒಂದು ಗೋಡೆ ಸರಿಸಿದರೆ ಹಾಗೇ ನಿಂತುಬಿಡುತ್ತಿತ್ತಂತೆ. ಗೆಳತಿಯರು ಸ್ನಾನಕ್ಕೆ, ಊಟಕ್ಕೆ ಹೋದಾಗ ಅವರದರ ಮುಂದೆ ಕೂತು ಅವಸರದಲ್ಲಿ ಗೆರೆ ಎಳೆಯುತ್ತಿದ್ದೆಯಂತೆ. ಇದೆಲ್ಲ ನೀನು ನಗುತ್ತಾ ಹೇಳುತ್ತಿದ್ದೆ. ಎರಡನೆಯ ವರ್ಷ ನಕ್ಷೆಯ ವಿಷಯದಲ್ಲೇ ಫೇಲಾದೆ, ವರ್ಷ ಹೋಯಿತು. ಮನೆಗೆ ಬಂದವಳು ಶುಕ್ರವಾರ ಒಪ್ಪತ್ತು ಹಿಡಿದೆ. ಯಾಕೆ ಎಂದು ನಾನು ಕೇಳಿದೆ. ತಾಯಿ ಕೊಟ್ಟದ್ದರಲ್ಲಿ ನಾನೇ ಕಲಿಯಲಿಲ್ಲ, ನನ್ನ ಬುದ್ಧಿಯೇ ಕಡಿಮೆ, ಅವಳಿಗೆ ಸಿಟ್ಟು ಬಂದಿರಬೇಕು ಎಂದೆ ನೀನು.

ಆಗ ಹೇಳಬೇಕಿತ್ತು. ನೀನು ಖಾಲಿ ಹೊಟ್ಟೆಯಲ್ಲಿ ನನ್ನೆದುರೇ ಕೂತಿದ್ದೆ. ನಾನು ರೊಟ್ಟಿ ಬಡಿಯುತ್ತಿದ್ದೆ. ಒಂದು ಹಣ್ಣಾದರೂ ತಿನ್ನು ಎಂದೆ. ಅಷ್ಟೇ ನನ್ನಿಂದಾದದ್ದು.

ನೀನು ಓದು ಹೇಗೋ ಮುಗಿಸಿದೆ, ಆದರೆ ನಕ್ಷೆಯ ಕಡೆ ಮತ್ತೆ ಮುಖ ಹಾಕಲಿಲ್ಲ. ರೋಣಕ್ಕೆ ಸೊಸೆಯಾಗಿ ಹೋಗಿ ಗುತ್ತಿಗೆದಾರರೊಬ್ಬರ ಆಫೀಸಿನಲ್ಲಿ ಬೇರೆಯವರು ಬರೆದದ್ದನ್ನು, ಬೇರೆಯವರು ಕಟ್ಟಿದ್ದನ್ನು ಅಳೆಯುವ ಕೆಲಸಕ್ಕೆ ಸೇರಿದೆ. ಚಲೋ ಅಳಿಯ, ಹೊತ್ತಿಗೆ ಸರಿಯಾಗಿ ಪಗಾರ, ಸನಿಹದ ಊರು. ಇವನ್ನೆಲ್ಲ ನಾನು ದಯೆಯ ಲೆಕ್ಕದಲ್ಲೇ ಹಿಡಿದೆ. ಹಾಗೆ ಹಿಡಿದರೆ ಉಳಿದದ್ದು ಮುಚ್ಚಿಹೋಗುತ್ತದೆ ಎಂದುಕೊಂಡಿದ್ದೆ.

ಅಕ್ಕಾರ ಸಂಗತಿ ನಿನಗೆ ಗೊತ್ತೇ ಇಲ್ಲ. ಅವರು ಕಡೆಗಾಲದಲ್ಲಿ ಮಲಗಿದ್ದಾಗ ನಾನೊಬ್ಬಳೇ ನೋಡಲು ಹೋಗಿದ್ದೆ. ಎಳನೀರು ಕುಡಿಸುತ್ತಿದ್ದೆ. ನನ್ನ ಕೈ ಹಿಡಿದು ನಿಧಾನ ಹೇಳಿದರು: "ತವರುಮನಿ ದೇವರ ನನ್ನ ಕೈಲೆ ಕೊಟ್ಟದ್ದ ಒಲ್ಲೆ ಅಂತು ನೋಡ, ಲೀಲಾ. ಏನ ತಪ್ಪ ಮಾಡಿದ್ನೋ. ಅವತ್ತಿನಿಂದ ಯಾರಿಗರ ಏನರ ಕೊಡಾಕ ಹೆದರಿಕಿ ಬರತೈತಿ."

ಬನಶಂಕರಿ ಅವರ ತವರಿನ ದೇವರು ಎಂಬುದು ನನಗೆ ಆ ಶುಕ್ರವಾರ ಹೊಳೆದಿರಲೇ ಇಲ್ಲ. ಒಂದು ಒಣ ಎಸಳಿನಿಂದ ನಾನು ನಿಮ್ಮಿಬ್ಬರ ದೇವರು ನಿಮ್ಮ ಮೇಲೆಯೇ ಮುನಿದು ಕೂತ ಹಾಗೆ ಮಾಡಿದ್ದೆ. ಆಗಲಾದರೂ ಹೇಳಿದೆನೇ? ಎಳನೀರಿನ ಲೋಟ ತೊಳೆಯಲು ಎದ್ದುಹೋದೆ. ಅವರು ಹೋಗಿಬಿಟ್ಟರು, ಕಸ್ತೂರಿ. ಆ ಕ್ಷಮೆ ಇನ್ನು ನನಗೆ ಸಿಗುವುದಿಲ್ಲ.

ದಿನಕರ್ಮವೆಲ್ಲ ಮುಗಿದ ಮೇಲೆ ಮಲ್ಲು ಅವರ ಕಪಾಟು ತೆಗೆದ. ಲ್ಯಾಪ್‌ಟಾಪ್ ಅಲ್ಲೇ ಇತ್ತು, ಅವರ ಒಂದು ಹಳೆಯ ಸೀರೆಯಲ್ಲಿ ಸುತ್ತಿ. ಪಕ್ಕದಲ್ಲಿ ಡಬ್ಬಿ ಒಡೆಯದ ಹೊಸ ಬ್ಯಾಟರಿ. ನಾವು ಅವರ ಮನೆಗೆ ಹೋಗಿಬಂದ ಮರುದಿನವೇ ಅವ್ವ ಹುಬ್ಬಳ್ಳಿಯಿಂದ ತರಿಸಿದ್ದಳು ಎಂದ ಅವನು. ಇದಿದ್ದರೆ ಕಸ್ತೂರಿ ಬಸ್ಸಿನಲ್ಲೂ ಬರೆಯಬಹುದು ಎಂದು ಅಕ್ಕಾರು ಅಂದಿದ್ದರಂತೆ. ನಾನು ಆ ಡಬ್ಬಿ ಕೇಳಿ ತಂದಿದ್ದೇನೆ. ಜಗಲಿಯ ಕೆಳಗಿನ ಗೂಡಿನಲ್ಲಿದೆ.

ಇಷ್ಟಾದರೂ ನಾನು ಸುಮ್ಮನೆಯೇ ಇರುತ್ತಿದ್ದೆನೋ ಏನೋ. ಮೊನ್ನೆ ನೀನು ಫೋನು ಮಾಡಿದೆ. ಆಫೀಸು ಬಿಟ್ಟು ಮನೆಯಲ್ಲೇ ಕೂತು ಜನರಿಗೆ ಮನೆಯ ನಕ್ಷೆ ಬರೆದುಕೊಡುವ ಆಸೆ, ಅಳಿಯಂದಿರೂ ಹೂಂ ಎಂದಿದ್ದಾರೆ, ಒಂದು ಒಳ್ಳೆಯ ಕಂಪ್ಯೂಟರ್ ನೋಡಿಟ್ಟಿದ್ದೇನೆ ಎಂದೆ. ದನಿಯಲ್ಲಿ ನರಗುಂದದ ಆ ಹುಡುಗಿ ಇದ್ದಳು. ಆಮೇಲೆ ತಗ್ಗಿಸಿ ಅಂದೆ: "ಶುಕ್ರವಾರ ಬರತೇನಿ, ಒಂದು ಹೂ ಕೇಳವ್ವ. ತಾಯಿ ಬ್ಯಾಡ ಅಂದ್ರ ಬಿಟ್ಟಬಿಡತೇನಿ. ಒಮ್ಮೆ ಅಕಿ ಕೊಟ್ಟದ್ದು ಉಳಸ್ಕೊಳ್ಳಾಕ ಆಗಲಿಲ್ಲ ನನಗ."

ಆಯಿತು ಬಾ ಎಂದೆ. ಫೋನು ಇಟ್ಟು ಪೂಜೆಗೆ ಕೂತಾಗ ನನಗೆ ಮೊದಲು ಬಂದ ಯೋಚನೆಯನ್ನೂ ಹೇಳಿಬಿಡುತ್ತೇನೆ. ಈ ಸಲ ಎಡಭುಜದ್ದನ್ನು ಅದ್ದಿ ಹಚ್ಚೋಣ, ಬಲಭುಜದ್ದನ್ನು ಒಣಗಿಸಿ ಇಡೋಣ — ಮಗಳ ಕೆಲಸವಾಗುತ್ತದೆ, ಹಳೆಯದು ತೀರಿದ ಹಾಗಾಗುತ್ತದೆ. ಎಷ್ಟು ಸಲೀಸಾಗಿ ಬಂತು ಆ ಯೋಚನೆ! ಕೈಯಲ್ಲಿ ಆರತಿ ಇತ್ತು. ಇಷ್ಟು ವರ್ಷ ಪೂಜೆ ಮಾಡಿ ನಾನು ಉಳಿಸಿಕೊಂಡ ಬುದ್ಧಿ ಇದು.

ನಿಮ್ಮಪ್ಪನಿಗೆ ನಿನ್ನೆ ಹೇಳಿದೆ. ಲಾಳಿ ನಿಲ್ಲಿಸಿದರು. "ಹುಡುಗಿಗೆ ನೀನ ಹೇಳು, ನನ್ನ ಬಾಯಿಲೆ ಹೇಳಸಬ್ಯಾಡ" ಎಂದರು. ರಾತ್ರಿ ರೊಟ್ಟಿ ಕೇಳಲಿಲ್ಲ, ನಾನೇ ತಾಟಿಗೆ ಹಾಕಿದೆ.

ಬಾಯಿಂದ ಹೇಳಲು ಹೋದರೆ ಮತ್ತೆ ಹಣ್ಣು ತಿನ್ನು ಎಂದು ಬಿಡುತ್ತೇನೆ. ಅದಕ್ಕೇ ಬರೆದೆ. ನೀನು ಬಂದು ಚಪ್ಪಲಿ ಬಿಡುವ ಮೊದಲೇ ಇದನ್ನು ನಿನ್ನ ಕೈಗೆ ಕೊಡುತ್ತೇನೆ. ಓದಿ ಹಾಗೇ ಬಸ್ಸಿಗೆ ತಿರುಗಿಹೋದರೆ ತಡೆಯುವುದಿಲ್ಲ.

ಶುಕ್ರವಾರ ದಾಸವಾಳ ಹರಿಯುವುದಿಲ್ಲ, ಇನ್ನು ಮುಂದೆ ಯಾರಿಗೂ ಹರಿಯುವುದಿಲ್ಲ. ಮೂರ್ತಿಯ ಮುಂದೆ ಅಕ್ಕಾರ ಬ್ಯಾಟರಿಯ ಡಬ್ಬಿ ಇಟ್ಟಿರುತ್ತೇನೆ, ಅದು ನಿನ್ನದು. ಮಗ್ಗದ ಕುಣಿಯ ಮೇಲೆ ಇಂದಿಗೂ ಕಿಟಕಿಯಿಲ್ಲ. ನಿಮ್ಮಪ್ಪ ಮಧ್ಯಾಹ್ನವೂ ದೀಪ ಹಾಕಿಕೊಂಡೇ ನೇಯುತ್ತಾರೆ. ನೀನು ಬರೆಯಬೇಕೋ ಬೇಡವೋ ಎಂದು ಈ ಮನೆಯಲ್ಲಿ ಹೂವನ್ನು ಕೇಳಬೇಡ, ಕಸ್ತೂರಿ. ತಾಯಿ ನಿನಗೆ ಎಂದೂ ಬೇಡ ಅಂದಿಲ್ಲ. ಕೇಳುವುದೇನಿದ್ದರೂ ನನ್ನನ್ನು ಕೇಳು — ನಾನು ಜಗಲಿಯ ಮುಂದೆ ಕೂತಿರುತ್ತೇನೆ, ಎದ್ದುಹೋಗುವುದಿಲ್ಲ.