ನೀರು ತಿಳಿಯಾಗುವ ಮೊದಲೇ

ನನ್ನ ಚಿಕ್ಕಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಅವಳ ಕೆಲಸ ಕಂಡವರು ಹಾಗೆ ಹೇಳಲಾರರು. ವಸ್ತುಸಂಗ್ರಹಾಲಯದ ಹಿಂದಿನ ಶೆಡ್ಡಿನಲ್ಲಿ ಅವಳು ಒಂದು ಫಿರಂಗಿಗಾಗಿ ಮೂರು ವರ್ಷ ತೊಟ್ಟಿಯ ನೀರು ಬದಲಿಸಿದಳು. ಅಷ್ಟು ತಾಳ್ಮೆ ನನಗಂತೂ ಇಲ್ಲ.

ಸಮುದ್ರದ ತಳದಿಂದ ಎತ್ತಿದ ಬೀಡುಕಬ್ಬಿಣದ ಫಿರಂಗಿ ಅದು. ಇನ್ನೂರು ವರ್ಷ ಉಪ್ಪು ಕುಡಿದಿತ್ತು. ಕ್ಷಾರ ಬೆರೆಸಿದ ನೀರಿನಲ್ಲಿ ಮುಳುಗಿಸಿಟ್ಟರೆ ಆ ಉಪ್ಪು ನಿಧಾನವಾಗಿ ಹೊರಬರುತ್ತದೆ. ಪ್ರತಿ ಸೋಮವಾರ ಚಿಕ್ಕಮ್ಮ ತೊಟ್ಟಿಯ ನೀರನ್ನು ಗಾಜಿನ ಕೊಳವೆಗೆ ತೆಗೆದು ರಾಸಾಯನಿಕ ಹಾಕಿ ನೋಡುತ್ತಿದ್ದಳು. ಉಪ್ಪಿದ್ದರೆ ನೀರು ಹಾಲು ಬೆರೆತಂತೆ ಬೆಳ್ಳಗಾಗುತ್ತಿತ್ತು. ತಿಳಿಯಾಗಿಯೇ ಉಳಿದ ದಿನ ಫಿರಂಗಿಯನ್ನು ಹೊರಗೆ ತೆಗೆಯಬಹುದಿತ್ತು.

ಆ ದಿನಕ್ಕೆ ಮೊದಲು ಹೊಸ ನಿರ್ದೇಶಕರು ಬಂದರು. ಅವರಿಗೆ ಹೊಸ ಸಭಾಂಗಣದ ಉದ್ಘಾಟನೆಯ ಅವಸರ.

"ಇನ್ನೂ ಎಷ್ಟು ನೆನೆಹಾಕ್ತೀರಮ್ಮ, ಇದೇನು ಕಡಲೆಕಾಳಾ?"

"ಒಳಗೆ ಉಪ್ಪಿದೆ ಸಾರ್. ಈಗ ತೆಗೆದ್ರೆ ಅಲ್ಲಲ್ಲಿ ಗುಳಿ ಬೀಳುತ್ತೆ. ಇನ್ನೊಂದು ವರ್ಷ ಬೇಕು."

"ಕಪ್ಪು ಬಣ್ಣ ಹೊಡೆದ್ರೆ ಯಾರಿಗೆ ಕಾಣುತ್ತೆ?"

ಚಿಕ್ಕಮ್ಮ ಬರೆದೂ ಕೊಟ್ಟಳು. ಆ ಕಾಗದ ಕಸದ ಬುಟ್ಟಿ ಸೇರಿತು. ಫಿರಂಗಿಯನ್ನು ಎತ್ತಿ, ಒಣಗಿಸಿ, ಮಿರಮಿರ ಮಿಂಚುವಂತೆ ಬಣ್ಣ ಬಳಿದರು. ಉದ್ಘಾಟನೆಯ ದಿನ ನಿರ್ದೇಶಕರು ಅದರ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡರು. ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಎರಡು ತಿಂಗಳಿಗೆ ಬಣ್ಣ ಅಲ್ಲಲ್ಲಿ ಉಬ್ಬಿ ಕಂದು ಹನಿ ಜಿನುಗಿತು. ಸುತ್ತಲಿನ ಕಬ್ಬಿಣ ನೆಟ್ಟಗಿತ್ತು, ಉಪ್ಪು ಉಳಿದಿದ್ದ ಕಡೆ ಮಾತ್ರ ಬೆರಳು ಹೋಗುವಷ್ಟು ಗುಳಿ. ಅಲ್ಲಿ ಕಬ್ಬಿಣವೆಲ್ಲ ತುಕ್ಕಾಗಿ ಹೋಗಿ ಬೀಡುಕಬ್ಬಿಣದೊಳಗಿನ ಗ್ರಾಫೈಟ್ ಮೆತ್ತಗೆ, ಕಪ್ಪಗೆ ಉಳಿದಿತ್ತು. ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದೂ ಅದೇ.

ನೋಟಿಸ್ ಬಂದದ್ದು ಚಿಕ್ಕಮ್ಮನಿಗೆ. ಸಂರಕ್ಷಣೆಯಲ್ಲಿ ನಿರ್ಲಕ್ಷ್ಯ, ಮೂರು ದಿನದಲ್ಲಿ ಲಿಖಿತ ಉತ್ತರ ಕೊಡಿ, ಇಲ್ಲದಿದ್ದರೆ ಕೆಲಸದಿಂದ ವಜಾ. ನಿರ್ದೇಶಕರು ತಾವು ಮಾಡಿದ ತಪ್ಪಿಗೆ ಅವಳ ಮೇಲೆ ಗೂಬೆ ಕೂರಿಸಿದ್ದರು.

"ಕ್ಷಮೆ ಕೇಳಿಬಿಡು ಚಿಕ್ಕಮ್ಮ, ಕೆಲಸ ಉಳಿಯುತ್ತೆ," ಎಂದೆ. ಹೇಡಿ ನಾನು.

"ಯಾರನ್ನ ಕೇಳಲಿ? ಅವರನ್ನಾ, ಫಿರಂಗಿನಾ?"

ಮಾರನೆಯ ದಿನ ಅವಳು ಗುಳಿಯಿಂದ ಉದುರಿದ್ದ ಕಪ್ಪು ಚೂರೊಂದನ್ನು ನೆಲದಿಂದ ಎತ್ತಿಕೊಂಡು ನಿರ್ದೇಶಕರ ಕೋಣೆಗೆ ಹೋದಳು. ನೋಟಿಸನ್ನು ಅವರ ಮೇಜಿನ ಮೇಲೆ ಮಗುಚಿ ಹಾಕಿ, ಆ ಚೂರಿನಲ್ಲೇ ದಪ್ಪಗೆ ಬರೆದಳು: "ನೀರು ಇನ್ನೂ ಬೆಳ್ಳಗಾಗುತ್ತಿದೆ, ತೆಗೆಯಬೇಡಿ ಎಂದು ಬರೆದುಕೊಟ್ಟಿದ್ದೆ."

"ಪೆನ್ನಿಲ್ವಾ ನಿಮ್ಮ ಹತ್ರ?" ಎಂದರಂತೆ ನಿರ್ದೇಶಕರು.

"ನಿಮ್ಮ ಫಿರಂಗಿ ಬರೆಯುತ್ತೆ ಸಾರ್, ಪೆನ್ನು ಯಾಕೆ?"

ಅವಳ ಕೆಲಸ ಹೋಯಿತು. ನಿರ್ದೇಶಕರು ಫಿರಂಗಿಯ ಮೇಲೆ ಕೈಯಿಟ್ಟ ಫೋಟೊ ಈಗಲೂ ಆ ಸಭಾಂಗಣದ ಗೋಡೆಯ ಮೇಲಿದೆ.