ಅಡುಗೆಮನೆ ಇಂಗ್ಲಿಷ್

೧೯೪೪ರ ಬೇಸಿಗೆ. ಮದರಾಸಿನ ಮಹಿಳಾ ಕಾಲೇಜಿನಲ್ಲಿ ಬಿ.ಎ. ಪರೀಕ್ಷೆ ಬರೆದು ಹೊಸೂರಿಗೆ, ನಮ್ಮ ಮನೆಗೆ, ಬಂದಿದ್ದೆ. ನಮ್ಮ ಬೀದಿಯಲ್ಲಿ ಮುನಿಯಪ್ಪ ಎಂಬ ಮುದುಕರಿದ್ದರು. ಮೂವತ್ತು ವರ್ಷ ಇಂಗ್ಲಿಷ್ ದೊರೆಯೊಬ್ಬರ ಬಂಗಲೆಯಲ್ಲಿ ಬಟ್ಲರ್ ಆಗಿದ್ದವರು. ಓದು ಬಾರದು, ಕಿವಿಯಿಂದ ಕಲಿತ ಇಂಗ್ಲಿಷನ್ನೇ ಸಂಜೆ ಜಗಲಿಯ ಮೇಲೆ ಏಳೆಂಟು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಮಕ್ಕಳ ಮನೆಯವರು ರಾಗಿ, ಹುರುಳಿ ಕೊಡುತ್ತಿದ್ದರು. ಒಂಟಿ ಜೀವ; ಅದರಲ್ಲೇ ಅವರ ಊಟ ನಡೆಯುತ್ತಿತ್ತು.

ಒಂದು ಸಂಜೆ ನಾನು ಆ ಕಡೆ ಹೋದಾಗ ಅವರು ಕಂಬಳಿ ಹೊದ್ದು ಮಲಗಿದಂತೆ ನಟಿಸುತ್ತಿದ್ದರು.

"ಟರ್ನ್ ಇನ್ ಅಂದ್ರೆ ಇದೇ ಕಣ್ರಲಾ, ಮಲಗಾಕೆ ಹೋಗಾದು. ದೊರೆ ‘ಟರ್ನಿಂಗ್ ಇನ್’ ಅಂದ್ರೋ, ನಾನು ದೀಪ ಸಣ್ಣ ಮಾಡ್ಬುಡ್ತಿದ್ದೆ."

ಟರ್ನ್ ಎಂದರೆ ತಿರುಗುವುದು, ಇನ್ ಎಂದರೆ ಒಳಗೆ. ಇದರಲ್ಲಿ ಮಲಗುವುದು ಎಲ್ಲಿಂದ ಬಂತು? ನನ್ನ ಪಠ್ಯಗಳಲ್ಲಿ ಎಲ್ಲೂ ಕಂಡಿರಲಿಲ್ಲ. ಸುಮ್ಮನೆ ಹೋಗಬಹುದಿತ್ತು. ನಿಂತೆ.

"ಹಾಗೆ ಅರ್ಥವೇ ಇಲ್ಲ. ಅದು ಅಡುಗೆಮನೆ ಇಂಗ್ಲಿಷ್," ಎಂದೆ.

"ತಾತಂದು ಅಡುಗೆಮನೆ ಇಂಗ್ಲೀಷ್ ಕಣ್ಲಾ! ಉಪ್ಪು ಕಮ್ಮಿ ಆಗೈತೆ!" ಎಂದು ಒಬ್ಬ ಹುಡುಗ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುನಿಯಪ್ಪ ಕಂಬಳಿ ಮಡಿಸಿಟ್ಟರು.

ಮರುದಿನ ಅಣ್ಣನ ದೊಡ್ಡ ನಿಘಂಟು ತೆಗೆದೆ. ಮುನಿಯಪ್ಪನವರ ತಪ್ಪನ್ನು ಖಚಿತಪಡಿಸಿಕೊಳ್ಳುವುದೇ ನನ್ನ ಉದ್ದೇಶವಾಗಿತ್ತು. ಅವರು ಹೇಳಿದ ಅರ್ಥವೇ ಅಲ್ಲಿತ್ತು. ಎರಡು ಸಲ ಓದಿ ಪುಸ್ತಕ ಮುಚ್ಚಿದೆ. ಯಾರಿಗೂ ಹೇಳಲಿಲ್ಲ.

ವಾರದೊಳಗೆ ಮಕ್ಕಳೆಲ್ಲ ರಾಗಿ ಹಿಡಿದು ಇಂಗ್ಲಿಷ್ ಕಲಿಯಲು ನಮ್ಮ ಜಗಲಿಗೆ ಬಂದರು. ರಾಗಿ ಬೇಡವೆಂದೆ. ಅದನ್ನು ಮುನಿಯಪ್ಪನವರಿಗೆ ಕೊಡಿ ಎನ್ನಲಿಲ್ಲ. ಅವರ ಬಳಿಗೇ ಹೋಗಿ ಎನ್ನಲೂ ಇಲ್ಲ. ಹಾಗೆಂದರೆ ಕಾರಣ ಹೇಳಬೇಕಿತ್ತು.

ಒಂದು ದಿನ ಅವರೇ ಬಂದು ಅಂಗಳದಲ್ಲಿ ನಿಂತರು.

"ಅಮ್ಮಣ್ಣಿ, ನಾನು ತಟ್ಟೆ ಎತ್ತೋವಾಗ ಕೇಳಿ ಕಲ್ತೋನು, ನೀವು ಓದಿ ಕಲ್ತೋರು. ಇಷ್ಟು ದಿನ ಮಕ್ಳಿಗೆ ಇನ್ನೇನೇನು ತಪ್ಪು ಹೇಳ್ಕೊಟ್ಟಿದ್ದೀನೋ. ಒಸಿ ತಿದ್ಬುಡಿ."

ನಿಘಂಟು ಒಳಗಿನ ಮೇಜಿನ ಮೇಲೆಯೇ ಇತ್ತು. ನನ್ನ ಮುಂದೆ ಮಕ್ಕಳು ಕುಳಿತಿದ್ದರು.

"ಆಗಲಿ," ಎಂದೆ.

ಅವರು ಕೈಮುಗಿದು ಹೋದರು. ಆ ತಿಂಗಳೇ ಮನೆಗೆ ಬೀಗ ಹಾಕಿ, ಕೃಷ್ಣಗಿರಿಯಲ್ಲಿದ್ದ ತಂಗಿಯ ಮಗನ ಮನೆ ಸೇರಿದರು.

ಇದಾಗಿ ಮೂರು ವರ್ಷವಾಯಿತು. ನಾನೀಗ ಉಪಾಧ್ಯಾಯಿನಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಮಕ್ಕಳೆದುರು ಹೇಳಲು ಕಲಿತಿದ್ದೇನೆ. ಆದರೆ ಆ ಮುದುಕರು ತಮ್ಮ ಮೂವತ್ತು ವರ್ಷದ ಇಂಗ್ಲಿಷನ್ನು ತಪ್ಪೆಂದೇ ನಂಬಿ ಊರು ಬಿಟ್ಟರು. ನಮ್ಮಿಬ್ಬರ ಮನೆಗೂ ನಡುವೆ ಇದ್ದದ್ದು ಐದು ಬಾಗಿಲು. ಪುಸ್ತಕ ಹಿಡಿದು ಅಷ್ಟು ದೂರ ನಡೆಯಲು ನನ್ನಿಂದ ಆಗಲಿಲ್ಲ.